ನೀಲಿ ಬೆಂಕಿಯ ತವರೂರು

ಮಕ್ಕಳೇ, ಹಲಸೂರಿನಲ್ಲೋ ಇಂದಿರಾನಗರದಲ್ಲೋ ರಸ್ತೆ ಅಗೆದರೆ ನಾವೆಲ್ಲ ಗೊಣಗುತ್ತೇವೆ. ಹೀಗೆ ಅಗೆದ ಗುಂಡಿಗಳಲ್ಲಿ ಕೆಲವು ಅಡುಗೆ ಅನಿಲದ ಕೊಳವೆಗಾಗಿ. ಸಿಲಿಂಡರ್ ಇಲ್ಲದೆ, ಗೋಡೆಯ ಕೊಳವೆಯಿಂದಲೇ ಒಲೆ ಹೊತ್ತುವ ಮನೆಗಳು ಈಗ ಪೂರ್ವ ಬೆಂಗಳೂರಿನಲ್ಲೂ ಇವೆ. ಆ ಅನಿಲದ ತವರೂರು ಯಾವುದು? ಬನ್ನಿ, ಕೊಳವೆ ಹಿಡಿದು ಹಿಂದಕ್ಕೆ ಹೋಗೋಣ.

ತುಮಕೂರು, ಚಿತ್ರದುರ್ಗ, ದಾವಣಗೆರೆ, ಧಾರವಾಡ, ಬೆಳಗಾವಿ ಜಿಲ್ಲೆಗಳ ನೆಲದಡಿ ಸಾಗಿ, ಘಟ್ಟ ಇಳಿದರೆ ಮಹಾರಾಷ್ಟ್ರದ ದಾಭೋಲ್ ಕಡಲತೀರ. ಸುಮಾರು 1000 ಕಿಲೋಮೀಟರ್ ದಾರಿ! ಗೇಲ್ ಸಂಸ್ಥೆಯ ಈ ಕೊಳವೆಮಾರ್ಗ 2013ರಲ್ಲಿ ಶುರುವಾಯಿತು. ದಾಭೋಲ್‌ನಿಂದ ಇನ್ನೊಂದು ಕೊಳವೆ ಉರಣ್ ಕಡೆಗೆ, ಅಲ್ಲಿಂದ ಗುಜರಾತಿಗೆ ಹೋಗುತ್ತದೆ. ಹಡಗಿನಲ್ಲಿ ಬಂದ ಹೊರದೇಶದ ಅನಿಲವೂ ನಮ್ಮ ಕಡಲಿನ ಅನಿಲವೂ ಇದರಲ್ಲಿ ಬೆರೆಯುತ್ತವೆ. ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಶಿವಾಜಿನಗರದಲ್ಲಿ ಕಟ್ಟಿದ ನೋಟೇ ಕೆ.ಆರ್. ಪುರದಲ್ಲಿ ನಿಮ್ಮ ಕೈಗೆ ಬರುವುದಿಲ್ಲ, ಆದರೆ ಲೆಕ್ಕ ಸರಿಯಾಗಿರುತ್ತದೆ.

ನಮ್ಮ ಕಡಲಿನ ಕಥೆ 1974ರದು. ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಸಮುದ್ರದಲ್ಲಿ ‘ಸಾಗರ್ ಸಮ್ರಾಟ್’ ಎಂಬ ತೇಲುವ ಯಂತ್ರ ತಳವನ್ನು ಕೊರೆದಾಗ ತೈಲ ಸಿಕ್ಕಿತು. ಅದೇ ಬಾಂಬೆ ಹೈ. 1976ರಲ್ಲಿ ತೈಲ ತೆಗೆಯತೊಡಗಿದರು. ಅದೇ ವರ್ಷ ಹತ್ತಿರದ ಬಸೈನ್‌ನಲ್ಲಿ ದೊಡ್ಡ ಅನಿಲ ನಿಕ್ಷೇಪ ಕಂಡಿತು. ತೈಲದ ಜತೆ ಮೇಲೆ ಬಂದ ಅನಿಲವನ್ನು ಮೊದಮೊದಲು ಕಡಲಲ್ಲೇ ಉರಿಸಿಬಿಡುತ್ತಿದ್ದರು. ಆಮೇಲೆ ಕೊಳವೆ ಹಾಕಿ ದಡಕ್ಕೆ ತಂದರು. ಉರಣ್‌ನಲ್ಲಿ ವಿದ್ಯುತ್, ಥಳ್‌ನಲ್ಲಿ ರಸಗೊಬ್ಬರ ತಯಾರಾಯಿತು. ಮೀನುಗಾರರ, ಭತ್ತದ ಗದ್ದೆಗಳ ಕರಾವಳಿಗೆ ಕಾರ್ಖಾನೆಗಳು ಬಂದವು.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. 2005ರ ಜುಲೈ 27, ಮುಂಬಯಿ ಮಹಾಮಳೆಯ ಮರುದಿನ. ಕೈಗೆ ಗಾಯವಾಗಿದ್ದ ಅಡುಗೆಯವರೊಬ್ಬರನ್ನು ಚಿಕಿತ್ಸೆಗಾಗಿ ವೇದಿಕೆಗೆ ದಾಟಿಸಲು ಬಂದ ಹಡಗು, ಉಬ್ಬರದ ಅಲೆಗಳಲ್ಲಿ ಅನಿಲದ ಕೊಳವೆಗೆ ಬಡಿಯಿತು. ಬೆಂಕಿ ಹೊತ್ತಿ, ಸುಮಾರು ಎರಡು ಗಂಟೆಯಲ್ಲಿ ಇಡೀ ವೇದಿಕೆ ಸುಟ್ಟುಹೋಯಿತು. 22 ಮಂದಿ ಜೀವ ತೆತ್ತರು. ಮುನ್ನೂರಕ್ಕೂ ಹೆಚ್ಚು ಜನರನ್ನು ಕಾಪಾಡಿದರು.

ಇನ್ನೊಂದು ವಿಷಯ. ಈ ಅನಿಲ ಹೆಚ್ಚಾಗಿ ಮೀಥೇನ್. ಅದಕ್ಕೆ ಸ್ವಂತ ವಾಸನೆಯಿಲ್ಲ, ಸೋರಿದರೆ ತಿಳಿಯಲೆಂದು ಕೆಟ್ಟ ವಾಸನೆ ಬೆರೆಸುತ್ತಾರೆ. ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಸಿಲಿಂಡರಿನ ಅನಿಲ ಭಾರ, ನೆಲದಲ್ಲಿ ಹರಡುತ್ತದೆ. ಯಾವುದೇ ಇರಲಿ, ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಕಡ್ಡಿ ಗೀರಬೇಡಿ. ಕಿಟಕಿ ಬಾಗಿಲು ತೆರೆದು, ದೊಡ್ಡವರನ್ನು ಕೂಗಿ, ಹೊರಗೆ ಬನ್ನಿ.

ನಮ್ಮಮ್ಮ ಸೌದೆ, ಮರದ ಹೊಟ್ಟು, ಸೀಮೆಎಣ್ಣೆ, ಸಿಲಿಂಡರ್ ಎಂದು ನಾಲ್ಕು ಬಗೆಯ ಒಲೆಯಲ್ಲಿ ಅನ್ನ ಬೇಯಿಸಿದವರು. ಹೊಗೆಗೆ ಕಣ್ಣೊರೆಸಿಕೊಳ್ಳುತ್ತಲೇ ನಮಗೆ ಬಡಿಸುತ್ತಿದ್ದರು. ನಿಮ್ಮ ಅಜ್ಜಿ ಎಷ್ಟು ಬಗೆಯ ಒಲೆ ಕಂಡಿದ್ದಾರೆ? ಇವತ್ತು ಊಟಕ್ಕೆ ಕೂತಾಗ ಕೇಳಿ ನೋಡಿ.