ಎಫ್ ಮೈನರಿನ ಬಲಿಪೂಜೆ

"ಬಣ್ಣ ಕೆನ್ನೀಲಿ, ಸದ್ದು ಝೇಂಕಾರ, ಅದೇನು?" ಎಂಬ ಒಗಟಿಗೆ "ವಿದ್ಯುತ್ ಹರಿಯುವ ಒಣ ಪ್ಲಮ್ ಹಣ್ಣು" ಎಂಬುದು ಉತ್ತರ. ಅರ್ಥವಿಲ್ಲದ ಒಗಟು, ಅರ್ಥವಿಲ್ಲದ ಉತ್ತರ. ಶಾಲಾ ಬಾಲಕರು ಹೊಟ್ಟೆ ಹುಣ್ಣಾಗುವಂತೆ ನಕ್ಕು ಮರೆತುಬಿಡುವಂಥದು. ಆದರೆ ಅಮೆರಿಕಾದ ಲಾಸ್ ಏಂಜಲೀಸಿನ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ, ಮನೆಯ ಗ್ಯಾರೇಜಿನಲ್ಲಿ ಗಿಟಾರು ಅಭ್ಯಾಸ ಮಾಡುತ್ತಿದ್ದ ಕೆಲವು ಯುವಕರು ಇದನ್ನು ಮರೆಯಲಿಲ್ಲ. ತಮ್ಮ ರಾಕ್ ವಾದ್ಯವೃಂದಕ್ಕೆ ಅದರಿಂದಲೇ 'ದಿ ಎಲೆಕ್ಟ್ರಿಕ್ ಪ್ರೂನ್ಸ್' ಎಂದು ಹೆಸರಿಟ್ಟುಕೊಂಡರು. ಇಂಥ ಹೆಸರಿನ ತಂಡವು ಎರಡು ವರ್ಷಗಳೊಳಗೆ ನಮ್ಮ ಪವಿತ್ರ ಬಲಿಪೂಜೆಯ ಲ್ಯಾಟಿನ್ ಪ್ರಾರ್ಥನೆಗಳನ್ನು ಆದಿಯಿಂದ ಅಂತ್ಯದವರೆಗೆ ಹಾಡಿ ಧ್ವನಿಮುದ್ರಿಸಿತೆಂದರೆ ನಂಬುವುದು ಕಷ್ಟ. ಆದರೂ ಅದು ನಡೆದ ಸಂಗತಿ.

ತಂಡದ ಗಾಯಕ ಜೇಮ್ಸ್ ಲೋ. ಕೆನ್ ವಿಲಿಯಮ್ಸ್ ಗಿಟಾರು, ಮಾರ್ಕ್ ಟ್ಯುಲಿನ್ ಬೇಸ್ ಗಿಟಾರು ನುಡಿಸುತ್ತಿದ್ದರು. ರೋಲಿಂಗ್ ಸ್ಟೋನ್ಸ್ ತಂಡದ ಧ್ವನಿಮುದ್ರಣಗಳಲ್ಲಿ ಕೆಲಸ ಮಾಡಿದ್ದ ಡೇವ್ ಹ್ಯಾಸಿಂಜರ್ ಎಂಬ ತಂತ್ರಜ್ಞರು ಇವರ ನಿರ್ಮಾಪಕರಾದರು. 1966ರ ಕೊನೆಯಲ್ಲಿ ಹೊರಬಂದ 'ಐ ಹ್ಯಾಡ್ ಟೂ ಮಚ್ ಟು ಡ್ರೀಮ್' ಎಂಬ ಹಾಡು ಮರುವರ್ಷ ಅಮೆರಿಕಾದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೇರಿತು. ಅಂದಿನ ಅಭಿಮಾನಿಗಳು ಈ ಹಾಡನ್ನು ನೆನೆಯುವಾಗ ಸಾಹಿತ್ಯವನ್ನಾಗಲಿ ರಾಗವನ್ನಾಗಲಿ ಮೊದಲು ಹೇಳುವುದಿಲ್ಲ. ಆರಂಭದ ಕೆಲವು ಕ್ಷಣಗಳ ಆ ಸದ್ದನ್ನು ಹೇಳುತ್ತಾರೆ. ದೂರದ ಹೊಲದಿಂದ ದೊಡ್ಡ ದುಂಬಿಯೊಂದು ನೇರವಾಗಿ ಕಿವಿಯತ್ತಲೇ ಹಾರಿಬರುತ್ತಿರುವಂತೆ ಕೇಳಿಸುವ ಝೇಂಕಾರವದು. ಅದನ್ನು ಯಾರೂ ಯೋಚಿಸಿ ರಚಿಸಿರಲಿಲ್ಲ. ಹಿಂದೆ ಬಳಸಿದ ಟೇಪನ್ನೇ ಮಗುಚಿ ಹಾಕಿ ಮತ್ತೆ ಬಳಸುತ್ತಿದ್ದಾಗ, ವಿಲಿಯಮ್ಸ್ ಎಂದೋ ಸುಮ್ಮನೆ ಗಿಟಾರಿನ ತಂತಿಗಳನ್ನು ನಡುಗಿಸಿದ್ದು ಹಿಮ್ಮುಖವಾಗಿ ಕೇಳಿಬಂದಿತು. ಕೇಳಿದವರು ಬೆಚ್ಚಿದರು; ಅದನ್ನೇ ಹಾಡಿನ ಬಾಗಿಲಲ್ಲಿ ನಿಲ್ಲಿಸಿದರು.

ಆನಂತರ ಬಂದದ್ದು 'ಮಾಸ್ ಇನ್ ಎಫ್ ಮೈನರ್', ಎಂದರೆ ಎಫ್ ಮೈನರ್ ಶ್ರುತಿಯ ಬಲಿಪೂಜೆ. ಪ್ರಕಟವಾದದ್ದು 1968ರ ಜನವರಿಯಲ್ಲಿ. ರಚಿಸಿದವರು ಡೇವಿಡ್ ಆಕ್ಸೆಲ್‌ರಾಡ್ ಎಂಬ ಸಂಗೀತ ಸಂಯೋಜಕರು. ಕೀರಿಯೆ, ಗ್ಲೋರಿಯಾ, ಕ್ರೇದೋ, ಸಾಂಕ್ತುಸ್, ಬೆನೆದಿಕ್ತುಸ್, ಆಗ್ನುಸ್ ದೇಯಿ ಎಂದು ಆರು ಭಾಗಗಳು; ಒಟ್ಟು ಅರ್ಧ ಗಂಟೆಯೂ ಇಲ್ಲ. ಹಿನ್ನೆಲೆಯಲ್ಲಿ ಚೆಲ್ಲೊ, ಫ್ರೆಂಚ್ ಹಾರ್ನ್ ಮುಂತಾದ ವಾದ್ಯಗಳು ಗಂಭೀರವಾಗಿ ಮೊಳಗುತ್ತಿರುವಾಗ ಮುನ್ನೆಲೆಯಲ್ಲಿ ವಿದ್ಯುತ್ ಗಿಟಾರು ನರಳುತ್ತದೆ. ಅವೆರಡರ ನಡುವೆ ಜೇಮ್ಸ್ ಲೋ ಅವರ ದನಿ ನಮ್ಮ ಹಿರಿಯರ ಕಾಲದ ಲ್ಯಾಟಿನ್ ಮಾತುಗಳನ್ನು ಹಾಡುತ್ತದೆ.

ಈ ಕಾಲವನ್ನು ಸ್ವಲ್ಪ ಗಮನಿಸಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ತನ್ನ ಸಂವಿಧಾನವನ್ನು ಪ್ರಕಟಿಸಿದ್ದು 1963ರ ಡಿಸೆಂಬರ್ 4ರಂದು. ಮರುವರ್ಷದ ಆಗಮನ ಕಾಲದ ಮೊದಲ ಭಾನುವಾರದಿಂದ ಅಮೆರಿಕಾದ ದೇವಾಲಯಗಳಲ್ಲಿ ಬಲಿಪೂಜೆಯ ಹಲವು ಭಾಗಗಳು ಇಂಗ್ಲಿಷಿಗೆ ತಿರುಗಿದವು. ನಮ್ಮಲ್ಲಿಯೂ ಆ ದಶಕದ ಉತ್ತರಾರ್ಧದಲ್ಲಿ ಲ್ಯಾಟಿನ್ ಹಿಂದೆ ಸರಿದು ಕನ್ನಡವು ಬಲಿಪೀಠಕ್ಕೆ ಬಂದಿತು. ಎಲ್ಲೆಡೆಯೂ ದೇವಾಲಯಗಳಿಂದ ಲ್ಯಾಟಿನ್ ಹೊರನಡೆಯುತ್ತಿದ್ದ ವೇಳೆಯಲ್ಲಿಯೇ ಅದು ರಾಕ್ ಸಂಗೀತದ ಗ್ರಾಮಫೋನ್ ತಟ್ಟೆಯೊಳಗೆ ಪ್ರವೇಶಿಸಿತು. ಇತ್ತ ರೋಮ್ ನಗರದಲ್ಲಿ 1966ರಲ್ಲಿಯೇ ಮಾರ್ಚೆಲ್ಲೊ ಜೊಂಬಿನಿ ಎಂಬ ಸಂಗೀತಗಾರರು ರಚಿಸಿದ 'ಯುವಜನರ ಬಲಿಪೂಜೆ'ಯನ್ನು ಸಂತ ಫಿಲಿಪ್ ನೇರಿಯವರ ಸಭೆಗೆ ಸೇರಿದ ಸಭಾಂಗಣದಲ್ಲಿ ಬೀಟ್ ತಂಡಗಳು ಡ್ರಮ್ಮು ಗಿಟಾರುಗಳೊಡನೆ ಹಾಡಿ, ನಗರದಲ್ಲಿ ದೊಡ್ಡ ಗದ್ದಲವೆದ್ದಿತ್ತು. 1967ರ ಮಾರ್ಚಿನಲ್ಲಿ ರೋಮಿನಿಂದ ಹೊರಟ ಪವಿತ್ರ ಸಂಗೀತದ ಸೂಚನೆಯು, ಕೇವಲ ಲೌಕಿಕ ಸಂಗೀತಕ್ಕೆ ಸಲ್ಲುವುದೆಂದು ಜನರು ಭಾವಿಸುವ ವಾದ್ಯಗಳು ಆರಾಧನೆಯಲ್ಲಿ ಇರಕೂಡದೆಂದು ಖಚಿತವಾಗಿ ಹೇಳಿತು. ನಮ್ಮ ಧರ್ಮಕೇಂದ್ರಗಳಲ್ಲಿ ಗಾನವೃಂದದ ಹುಡುಗರಿಗೂ ಹಿರಿಯರಿಗೂ ಗಿಟಾರಿನ ವಿಷಯದಲ್ಲಿ ಇಂದಿಗೂ ಆಗಾಗ ಏಳುವ ಜಗಳದ ಬೇರು ಇಷ್ಟು ಹಳೆಯದು.

ಎಲೆಕ್ಟ್ರಿಕ್ ಪ್ರೂನ್ಸ್ ತಂಡದ ಈ ಕೃತಿಯು ದೇವಾಲಯಕ್ಕಾಗಿ ರಚಿತವಾದುದಲ್ಲ. ಅದು ಮಾರಾಟದ ಸರಕು. ಹೊಸತೇನನ್ನಾದರೂ ಮಾಡಿ ಜನರನ್ನು ಸೆಳೆಯಬೇಕೆಂಬ ವ್ಯಾಪಾರದ ಉದ್ದೇಶವೇ ಅದರ ಹಿಂದಿತ್ತು. ಇಷ್ಟನ್ನು ಒಪ್ಪಿಕೊಂಡೇ ನಾನು ಅದರ ಪರವಾಗಿ ಎರಡು ಮಾತು ಹೇಳಬಯಸುತ್ತೇನೆ.

ನಾನು ಇದನ್ನು ಕೇಳಿದ್ದು ತಡವಾಗಿ, ಯಾರೋ ಯಾರಿಂದಲೋ ನಕಲು ಮಾಡಿಕೊಂಡ ಕ್ಯಾಸೆಟ್ಟಿನಿಂದ. ಆಗ ಜೊತೆಯಲ್ಲಿ ಕುಳಿತು ಕೇಳಿದವರು ನನ್ನ ಸೋದರಮಾವ. ಬಾಲ್ಯದಲ್ಲಿ ಅವರು ಬಲಿಪೀಠದ ಸೇವಕರಾಗಿ, ಒಂದು ಪದದ ಅರ್ಥವೂ ತಿಳಿಯದೆ, ಲ್ಯಾಟಿನ್ ಉತ್ತರಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದವರು. ತಪ್ಪಿದರೆ ಪೂಜೆ ಮುಗಿದ ಮೇಲೆ ಗುರುಗಳು ಕಿವಿ ಹಿಂಡುತ್ತಿದ್ದರಂತೆ. ಹಾಡು ಮೊದಲಾದ ಕೂಡಲೇ ಅವರು ನಗತೊಡಗಿದರು. "ಇವರಿಗೆ ಲ್ಯಾಟಿನ್ ಹೇಳಿಕೊಟ್ಟ ಪುಣ್ಯಾತ್ಮ ಯಾರಯ್ಯಾ? ನಮ್ಮ ಸ್ವಾಮಿಯವರ ಕೈಗೆ ಸಿಕ್ಕಿದ್ದರೆ ಇವರ ಕಿವಿ ಉಳಿಯುತ್ತಿರಲಿಲ್ಲ" ಎಂದರು. ಗ್ಲೋರಿಯಾದ ಹೊತ್ತಿಗೆ ಬೇಸರಿಸಿ ಎದ್ದು ಒಳಹೋದರು. ಅದರಲ್ಲಿ ಅವರ ತಪ್ಪಿಲ್ಲ. ಆ ಭಾಗವು ನಿಜಕ್ಕೂ ಎಳೆದಾಡುತ್ತದೆ, ಮಹಿಮೆಗಿಂತ ಆಯಾಸವೇ ಹೆಚ್ಚಾಗಿ ಕೇಳಿಸುತ್ತದೆ. ಆದರೆ ಕೊನೆಯ ಆಗ್ನುಸ್ ದೇಯಿ ಆರಂಭವಾದಾಗ ಅವರು ಬಾಗಿಲ ಬಳಿ ಬಂದು ನಿಂತಿದ್ದರು. ಮುಗಿಯುವವರೆಗೂ ಮಾತನಾಡಲಿಲ್ಲ. ಆಮೇಲೆ, "ಮಾತು ಅದೇ ಅಲ್ಲವೇ" ಎಂದಷ್ಟೇ ಹೇಳಿ ಸುಮ್ಮನಾದರು.

ಮಾವನವರ ಆ ಒಂದು ಮಾತನ್ನು ನಾನು ಬಹಳ ಸಲ ತೂಗಿ ನೋಡಿದ್ದೇನೆ. ಹಾಡಿದವರು ಭಕ್ತರೋ ಅಲ್ಲವೋ, ಹಾಡಿಸಿದವರು ಹಣಕ್ಕಾಗಿ ಹಾಡಿಸಿದರೋ ಹೆಸರಿಗಾಗಿ ಹಾಡಿಸಿದರೋ, ಮಾತು ಮಾತ್ರ ಅದೇ. ಶತಶತಮಾನಗಳಿಂದ ಅಸಂಖ್ಯ ಜನರ ನಾಲಗೆಯ ಮೇಲೆ ಹಾದುಬಂದ ಪ್ರಾರ್ಥನೆಗೆ ತನ್ನದೇ ಆದ ಭಾರವಿರುತ್ತದೆ. 'ಕೀರಿಯೆ ಎಲೇಯಿಸೋನ್' ಎಂಬುದು ಲ್ಯಾಟಿನ್ ಭಾಷೆಯೂ ಅಲ್ಲ, ಗ್ರೀಕ್. ಲ್ಯಾಟಿನ್ ಪೂಜೆಯಲ್ಲಿಯೂ ಅದನ್ನು ಬದಲಿಸದೆ ಹಾಗೆಯೇ ಉಳಿಸಿಕೊಂಡಿದ್ದರು. 'ಕರ್ತರೇ, ದಯೆ ತೋರಿ' ಎಂಬ ಆ ಮೊರೆಯು ಸಾಮ್ರಾಜ್ಯಗಳನ್ನೂ ಭಾಷೆಗಳನ್ನೂ ದಾಟಿ ಬಂದಿದೆ. ಒಂದು ಗಿಟಾರಿನ ಸದ್ದನ್ನು ದಾಟಲಾರದೆ?

ಈ ಕೀರಿಯೆಯನ್ನು ಲೋಕದ ಹೆಚ್ಚು ಜನ ಕೇಳಿದ್ದು ಆ ತಟ್ಟೆಯಿಂದಲ್ಲ, 1969ರ 'ಈಸಿ ರೈಡರ್' ಎಂಬ ಚಲನಚಿತ್ರದಿಂದ. ಮಾದಕ ವಸ್ತು ಮಾರಿದ ಹಣವನ್ನು ಬಚ್ಚಿಟ್ಟುಕೊಂಡು ಮೋಟಾರ್ ಸೈಕಲ್ಲುಗಳ ಮೇಲೆ ದೇಶ ಸುತ್ತುವ ಇಬ್ಬರು ಯುವಕರ ಕಥೆಯದು. ದಾರಿಯಲ್ಲಿ ಜೊತೆಗೂಡಿದ ಗೆಳೆಯನು ಕೊಲೆಯಾದ ಬಳಿಕ ಅವರಿಬ್ಬರೂ ನ್ಯೂ ಆರ್ಲಿಯನ್ಸ್ ನಗರವನ್ನು ಸೇರಿ, ಮರ್ಯಾದಸ್ಥರು ಹೆಸರೆತ್ತದ ಒಂದು ಮನೆಯತ್ತ ಹೋಗುವ ಭಾಗದಲ್ಲಿ ಹಿನ್ನೆಲೆಯಾಗಿ ಈ ಪ್ರಾರ್ಥನೆ ಕೇಳಿಬರುತ್ತದೆ. ದೇವನಿಂದೆಯೆಂದು ಮುನಿಯುವವರು ಮುನಿಯಬಹುದು. ನನಗಾದರೋ ಆ ಪ್ರಾರ್ಥನೆಗೆ ಅದಕ್ಕಿಂತ ತಕ್ಕ ಸ್ಥಳ ಕಾಣದು. ದೇವಾಲಯದ ಹಿಂಭಾಗದಲ್ಲಿ ನಿಂತು, ತಲೆಯೆತ್ತಲೂ ಅಂಜಿ ಎದೆ ಬಡಿದುಕೊಂಡ ಸುಂಕದವನ ಬಾಯಲ್ಲಿ ಬಂದದ್ದೂ ದಯೆಯ ಬೇಡಿಕೆಯೇ ಆಗಿತ್ತಲ್ಲವೇ? ಯೇಸುಸ್ವಾಮಿ ಅವನನ್ನು ಕುರಿತು ಏನು ಹೇಳಿದರೆಂಬುದು ಓದುಗರಿಗೆ ತಿಳಿದೇ ಇದೆ.

ಇನ್ನು ಆ ತಂಡದ ಗತಿ. ಆಕ್ಸೆಲ್‌ರಾಡ್ ಅವರ ರಚನೆ ಜಟಿಲವಾಗಿತ್ತು. ಗ್ಯಾರೇಜಿನಲ್ಲಿ ಕಲಿತ ಹುಡುಗರು ಅದನ್ನು ಮೈಗೂಡಿಸಿಕೊಳ್ಳಲು ಸಮಯ ಬೇಕಾಯಿತು. ಧ್ವನಿಮುದ್ರಣದ ಕೊಠಡಿಯಲ್ಲಿ ಸಮಯವೆಂದರೆ ಹಣ. ಕಾಯಲು ಮನಸ್ಸಿಲ್ಲದೆ ಕೆನಡಾದ 'ದಿ ಕಲೆಕ್ಟರ್ಸ್' ತಂಡವನ್ನೂ ಕೂಲಿಗೆ ನುಡಿಸುವ ವಾದಕರನ್ನೂ ಕರೆಸಿ ಉಳಿದ ಭಾಗಗಳನ್ನು ಪೂರೈಸಿದರು. ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಈ ಬಲಿಪೂಜೆಯನ್ನು ಸಭೆಯ ಮುಂದೆ ಹಾಡಲು ಮಾಡಿದ ಪ್ರಯತ್ನ ಕೆಟ್ಟದಾಗಿ ಸೋತಿತು. 1968ರಲ್ಲಿಯೇ ಮೂಲ ಸದಸ್ಯರು ಒಬ್ಬೊಬ್ಬರಾಗಿ ಹೊರನಡೆದರು. ಹೊರನಡೆದಾಗ ಅವರ ಹೆಸರು ಅವರೊಂದಿಗೆ ಹೋಗಲಿಲ್ಲ. ನಗೆಮಾತಿನಿಂದ ಹುಟ್ಟಿದ ಆ ಹೆಸರಿನ ಹಕ್ಕು ನಿರ್ಮಾಪಕರ ಕೈಯಲ್ಲಿತ್ತು. ಅದೇ ಹೆಸರಿನಡಿ ಬೇರೆಯವರು ನುಡಿಸಿದ ಇನ್ನೂ ಎರಡು ಧ್ವನಿಮುದ್ರಿಕೆಗಳು ಹೊರಬಂದವು. ಅವುಗಳಲ್ಲಿ ಒಂದು, ಯೆಹೂದ್ಯರ 'ಕೋಲ್ ನಿದ್ರೆ' ಪ್ರಾರ್ಥನೆಯನ್ನು ಆಧರಿಸಿದ್ದು. ಅಂಗಡಿಯಲ್ಲಿ ಹಣ ಕೊಟ್ಟು ಕೊಂಡುತಂದ ಅಭಿಮಾನಿಗೆ ತಾನು ಕೇಳುತ್ತಿರುವುದು ಯಾರನ್ನು ಎಂಬುದೇ ತಿಳಿಯುತ್ತಿರಲಿಲ್ಲ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ವ್ಯಾಪಾರದ ಲೆಕ್ಕದಲ್ಲಿ ಮುಗಿದೂ ಇತ್ತು. ಮುಂದುವರಿಸಿದವರು ಅಭಿಮಾನಿಗಳು. 1972ರಲ್ಲಿ ಲೆನ್ನಿ ಕೇ ಎಂಬ ಯುವ ಲೇಖಕ, ಮರೆತುಹೋಗುತ್ತಿದ್ದ ಇಂಥ ಗ್ಯಾರೇಜ್ ತಂಡಗಳ ಹಾಡುಗಳನ್ನು ಆರಿಸಿ 'ನಗೆಟ್ಸ್' ಎಂಬ ಸಂಕಲನವನ್ನು ಸಿದ್ಧಪಡಿಸಿದರು. ಅದರ ಮೊಟ್ಟಮೊದಲ ಹಾಡಾಗಿ ಇಟ್ಟದ್ದು ಆ ದುಂಬಿಯ ಝೇಂಕಾರವನ್ನೇ. ತಂಡವು ಜೀವಂತವಾಗಿದ್ದಾಗ ಇನ್ನೂ ಹುಟ್ಟಿರದಿದ್ದವರು ಈ ಸಂಕಲನದಿಂದ ಅದರ ಅಭಿಮಾನಿಗಳಾದರು. ಎಫ್ ಮೈನರಿನ ಬಲಿಪೂಜೆಯಲ್ಲಿ ಯಾವ ಗಿಟಾರು ಯಾರದು ಎಂದು ಇವರು ಇಂದಿಗೂ ವಾದಿಸುತ್ತಾರೆ. ಹೊರಗಿನವರಿಗೆ ಅದು ಹುಚ್ಚಾಟದಂತೆ ಕಾಣಬಹುದು. ಆದರೆ ಹೆಸರು ಕಳೆದುಕೊಂಡವರಿಗೆ ಅವರ ಪಾಲನ್ನು ಮರಳಿ ಕೊಡುವ ದಾರಿ ಅದೊಂದೇ ಎಂದು ನನಗನ್ನಿಸುತ್ತದೆ.

ಇನ್ನೊಂದು ಉಪಕಾರ ದೂರದ ಸ್ವೀಡನ್ನಿನಿಂದ ಬಂದಿತು. 1967ರ ಡಿಸೆಂಬರಿನಲ್ಲಿ ಈ ತಂಡವು ಸ್ಟಾಕ್‌ಹೋಮ್ ನಗರದಲ್ಲಿ ನೀಡಿದ ಕಾರ್ಯಕ್ರಮವನ್ನು ಅಲ್ಲಿನ ಬಾನುಲಿಯವರು ಧ್ವನಿಮುದ್ರಿಸಿಕೊಂಡಿದ್ದರು. ಮೂವತ್ತು ವರ್ಷಗಳ ಬಳಿಕ, 1997ರಲ್ಲಿ, ಆ ಟೇಪು ಧ್ವನಿಮುದ್ರಿಕೆಯಾಗಿ ಹೊರಬಂದಿತು. ಅದರಲ್ಲಿ ಕೂಲಿ ವಾದಕರಿಲ್ಲ, ಮಗುಚಿ ಹಾಕಿದ ಟೇಪಿಲ್ಲ. ಅವರೇ ನಿಂತು, ಅವರೇ ನುಡಿಸಿ, ಅವರೇ ಹಾಡಿದ್ದು. ತಮ್ಮ ಹಾಡಿಗೆ ಇನ್ನೂ ಕೇಳುಗರಿದ್ದಾರೆಂದು ಕಂಡುಕೊಂಡ ಲೋ, ಟ್ಯುಲಿನ್, ವಿಲಿಯಮ್ಸ್ ಮೊದಲಾದವರು 1999ರಲ್ಲಿ ಮತ್ತೆ ಒಂದುಗೂಡಿದರು. ಈ ಬಾರಿ ತಮ್ಮದೇ ಹೆಸರಿನಲ್ಲಿ. ಟ್ಯುಲಿನ್ 2011ರಲ್ಲಿಯೂ ಆಕ್ಸೆಲ್‌ರಾಡ್ 2017ರಲ್ಲಿಯೂ ತೀರಿಕೊಂಡರು. ಕೀರಿಯೆಯ ಆ ದನಿಯ ಒಡೆಯರಾದ ಜೇಮ್ಸ್ ಲೋ 2025ರ ಮೇ ತಿಂಗಳಲ್ಲಿ ತಮ್ಮ 82ನೆಯ ವಯಸ್ಸಿನಲ್ಲಿ ನಿಧನರಾದರು.

ಈ ಸುದ್ದಿ ತಿಳಿದಾಗ ನನಗೆ ಸ್ವೀಡನ್ನಿನ ಆ ಟೇಪಿನ ನೆನಪಾಯಿತು. ಜೊತೆಗೆ ನಮ್ಮ ಮನೆಯ ಸಂಗತಿಯೂ ಒಂದು. ಲ್ಯಾಟಿನ್ ಹೋಗಿ ಕನ್ನಡ ಬಂದ ಆ ಮೊದಲ ವರ್ಷಗಳಲ್ಲಿ, ಪೂಜೆಯ ಗೀತೆಗಳಿಗೆ ಊರೂರಿನ ಗಾನವೃಂದಗಳು ತಾವೇ ರಾಗ ಕೂಡಿಸಿಕೊಂಡು ಹಾರ್ಮೋನಿಯಂ ತಬಲಾಗಳೊಡನೆ ಹಾಡುತ್ತಿದ್ದರೆಂದು ಮಾವನವರು ಹೇಳುತ್ತಿದ್ದರು. ಅವುಗಳಲ್ಲಿ ಎಷ್ಟೋ ರಾಗಗಳು ಮುಂದೆ ಅಚ್ಚಾದ ಗೀತೆಗಳ ಪುಸ್ತಕಗಳಿಗೆ ಸೇರಲೇ ಇಲ್ಲ. ಅವರೂ ಅಂಥ ಗಾನವೃಂದವೊಂದರಲ್ಲಿ ಹಾಡಿದವರೇ. ಅವರು ಬಿಟ್ಟುಹೋದ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಾರು ಕ್ಯಾಸೆಟ್ಟುಗಳಿವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ, ಕೆಲವುಗಳ ಸುರುಳಿ ತುಂಡಾಗಿದೆ. ಅವುಗಳಲ್ಲೊಂದರ ಮೇಲೆ ಅವರ ದುಂಡು ಅಕ್ಷರದಲ್ಲಿ 'ಕ್ರಿಸ್ಮಸ್ ರಾತ್ರಿ ಪೂಜೆ, ನಮ್ಮ ಗಾನವೃಂದ' ಎಂದಿದೆ. ಯಾವ ವರ್ಷವೆಂದು ಬರೆದಿಲ್ಲ. ಹಾಡಿದವರ ಹೆಸರೂ ಇಲ್ಲ. ನಮ್ಮ ಮನೆಯ ಟೇಪ್ ರೆಕಾರ್ಡರ್ ಕೆಟ್ಟು ಬಹಳ ಕಾಲವಾಯಿತು. ರಿಪೇರಿ ಮಾಡುವವರನ್ನು ಹುಡುಕುತ್ತಿದ್ದೇನೆ. ಆ ಗಾನವೃಂದದಲ್ಲಿ ಇನ್ನೂ ಉಳಿದಿರುವ ಇಬ್ಬರು ಹಿರಿಯರು, ಅದು ಕೇಳುವಂತಾದ ದಿನ ತಮ್ಮನ್ನೂ ಕರೆಯಬೇಕೆಂದು ಹೇಳಿಕಳುಹಿಸಿದ್ದಾರೆ.