ಹೆಸರು ಹಾಕ್ಬೇಡಿ ಅಣ್ಣ

ಇನ್ಫೋಸಿಸ್‌ನ ನಾರಾಯಣಮೂರ್ತಿ ಹುಟ್ಟಿದ್ದು ನಮ್ಮ ಶಿಡ್ಲಘಟ್ಟದಲ್ಲಿ. ಹಾಗಾಗಿ 2017ರ ಜಗಳ ನಮಗೆ ಮನೆಯ ಜಗಳದಂತೆ ಕಂಡಿತ್ತು. ಹುದ್ದೆ ಬಿಟ್ಟು ಬರೀ ಷೇರುದಾರರಾಗಿದ್ದ ಮೂರ್ತಿ, ಹೆಚ್ಚಿನ ನೌಕರರಿಗೆ ಶೇ 6ರಿಂದ 8ರಷ್ಟು ಸಂಬಳ ಏರಿಸಿ, ಮೇಲಿನ ಅಧಿಕಾರಿಗೆ ಶೇ 60–70 ಏರಿಸುವುದು ಸರಿಯಲ್ಲ ಎಂದು ಬಹಿರಂಗವಾಗಿ ಹೇಳಿದರು. ಕೃತಕ ಬುದ್ಧಿಮತ್ತೆಯ ದಾರಿ ಹಿಡಿದಿದ್ದ ಸಿಇಒ ವಿಶಾಲ್ ಸಿಕ್ಕಾ ಕೂಡ ಸಂಬಳದವರೇ. ಟೀಕೆಗಳ ನಡುವೆ ಕೆಲಸ ಮಾಡಲಾಗುತ್ತಿಲ್ಲ ಎಂದು ಬರೆದು, ಆಗಸ್ಟ್ 18ರಂದು ರಾಜೀನಾಮೆ ಕೊಟ್ಟರು.

ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿದ್ದ ನಮ್ಮ ಬೀದಿಯ ಹುಡುಗನನ್ನು ಆಗ ಕೇಳಿದೆವು: ನೀನು ಯಾರ ಪರ?

"ಒಬ್ರು ಇವತ್ತಿನ ಸಂಬಳದ ಮಾತಾಡಿದ್ರು, ಇನ್ನೊಬ್ರು ನಾಳೆ ಕೆಲಸದ ಮಾತಾಡಿದ್ರು. ನಮಗೆ ಎರಡೂ ಬೇಕು. ಷೇರಿದ್ದೋರು ಮಾತಾಡಿದ್ರೆ ಸುದ್ದಿ, ನಾವು ಮಾತಾಡಿದ್ರೆ ಕೆಲಸ ಹೋಗುತ್ತೆ. ಹೆಸರು ಹಾಕ್ಬೇಡಿ ಅಣ್ಣ" ಅಂದ.

ಹೆಸರಿಲ್ಲದ ಮಾತು ಪತ್ರಿಕೆಗೆ ಬೇಡವಾಯಿತು. ಇಲ್ಲಿ ಹಾಕಿದ್ದೇವೆ.