ಬದುವಿನ ಮೇಲಿನ ಹೆಜ್ಜೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಆಸುಪಾಸಿನಲ್ಲಿ ನಮ್ಮ ಕುಟುಂಬಕ್ಕೆ ಸ್ವಲ್ಪ ಶೇಂಗಾ ಹೊಲವಿದೆ. ಚಳ್ಳಕೆರೆಯಲ್ಲಿ ಎಣ್ಣೆಬೀಜದ ವ್ಯಾಪಾರ ಮಾಡಿಕೊಂಡಿರುವ ನನಗೆ ಆ ಹೊಲದ ಆದಾಯಕ್ಕಿಂತ ಅಲ್ಲಿಯ ಬಂಡೆಗಳ ಸಹವಾಸವೇ ಪ್ರಿಯ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲೊಂದು ಅಲ್ಲಿಯೇ ಇದೆ. ತಂದೆತಾಯಿಗಳ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಚನ ಇವುಗಳನ್ನು ಆ ಶಾಸನವು ಒಂದರ ಬೆನ್ನಿಗೆ ಒಂದನ್ನು ಹೇಳುತ್ತದೆ. ದಯೆಗೂ ಸತ್ಯಕ್ಕೂ ಇರುವ ನಂಟು ನನಗೆ ಮನವರಿಕೆಯಾದದ್ದು ಒಂದು ಕಾಡುಬೆಕ್ಕಿನಿಂದ. ಅದೂ ಅದರ ಪ್ರಾಣ ಹೋದ ಮೇಲೆ.

2011ರ ಅಕ್ಟೋಬರ್, ಶೇಂಗಾ ಕೀಳುವ ಕಾಲ. ಪಕ್ಕದ ಹೊಲದವರ ಎರಡು ಕೋಳಿಗಳು ರಾತ್ರಿ ಕಾಣೆಯಾಗಿದ್ದವು. ಬದುವಿನ ಕೆಸರಿನಲ್ಲಿದ್ದ ಹೆಜ್ಜೆಯನ್ನು ತೋರಿಸಿ, "ಸಾಹುಕಾರ್ರೆ, ನೀವು ಓದಿದೋರು, ಇದೇನಂತ ಹೇಳ್ರಿ" ಎಂದರು. ನಾನು ಬಗ್ಗಿಯೂ ನೋಡದೆ, "ಚಿರತೆಮರಿ ಇರಬೇಕು" ಎಂದುಬಿಟ್ಟೆ. ಸಂಜೆಯ ಹೊತ್ತಿಗೆ ಊರಿನ ಬಾಯಲ್ಲಿ 'ಮರಿ'ಯೂ ಹೋಗಿ 'ಇರಬೇಕು' ಎಂಬುದೂ ಅಳಿದು ಚಿರತೆಯೊಂದೇ ಉಳಿಯಿತು. ಬೇಲಿಗೆ ತಂತಿಯ ಉರುಳು ಬಂದಿತು. ಮೂರನೆಯ ಬೆಳಗ್ಗೆ ಅದರಲ್ಲಿ ಸತ್ತು ಬಿದ್ದಿದ್ದುದು ಕಾಡುಬೆಕ್ಕು: ಮನೆಬೆಕ್ಕಿಗಿಂತ ನೀಳವಾದ ಕಾಲುಗಳು, ಮರಳುಬಣ್ಣದ ಮೈ, ಕಿವಿಯ ತುದಿಯಲ್ಲಿ ಒಂದಿಷ್ಟು ಕಪ್ಪು ಕೂದಲು, ಗಿಡ್ಡ ಬಾಲದ ಕೊನೆಯಲ್ಲಿ ಕಪ್ಪು ಬಳೆಗಳು.

ವೋಚರಿಲ್ಲದೆ ಒಂದು ರೂಪಾಯಿಯ ಖರ್ಚನ್ನೂ ಬರೆಯದ ನಾನು ಪುರಾವೆಯಿಲ್ಲದೆ ಒಂದು ಜೀವದ ಲೆಕ್ಕವನ್ನು ಬರೆದಿದ್ದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ಹಿಂಸೆಯ ಉಪಕರಣಗಳನ್ನು ಕೊಡುವ ಹಿಂಸಾದಾನದ ಜೊತೆಗೆ ಪಾಪೋಪದೇಶವನ್ನೂ ಹೇಳಿದ್ದಾರೆ. ಉರುಳನ್ನು ನಾನು ಕೊಡಲಿಲ್ಲ, ನಿಜ. ಆದರೆ ಅದನ್ನು ಕಟ್ಟಲು ಕಾರಣ ಒದಗಿಸಿದವನು ನಾನು.

ಆ ಮೇಲೆ ಅಲ್ಲಿಯ ಒಬ್ಬ ಹಿರಿಯ ಕುರಿಗಾಹಿಯೊಂದಿಗೆ ಹಳ್ಳದ ಮರಳಿನಲ್ಲಿ ಅನೇಕ ಮುಂಜಾನೆಗಳನ್ನು ಕಳೆದೆ. "ನಾಯಿ ನರಿ ಆದ್ರೆ ಉಗುರು ಊರ್ತಾವೆ ಸಾಮಿ. ಇದು ಉಗುರು ಒಳಗಿಟ್ಕೊಂಡು ನಡೆದೈತೆ" ಎಂಬುದು ಅವರ ಮೊದಲ ಪಾಠ. ಬೆಕ್ಕಿನ ಜಾತಿಯ ಹೆಜ್ಜೆ ದುಂಡಗೆ. ನಾಲ್ಕು ಬೆರಳುಗಳ ಗುರುತು, ಹಿಂದಿನ ಮೆತ್ತೆಯ ಕೆಳಅಂಚಿನಲ್ಲಿ ಮೂರು ಉಬ್ಬು. ಐದು ಬೆರಳು ಕಂಡರೆ ಪುನುಗುಬೆಕ್ಕನ್ನು ನೆನೆಯಬೇಕು. ಕಾಡುಬೆಕ್ಕಿನ ಹೆಜ್ಜೆಯನ್ನು ಒಂದು ಬೆಂಕಿಪೊಟ್ಟಣದಿಂದ ಹೆಚ್ಚುಕಡಿಮೆ ಮುಚ್ಚಬಹುದು. ಬೆಳೆದ ಚಿರತೆಯದನ್ನು ಮುಚ್ಚಲಾಗದು. ಆದರೆ ಇವು ಯಾವುವೂ ಶಾಸನವಲ್ಲ. ಜಾರುವ ಕೆಸರಿನಲ್ಲಿ ಬೆಕ್ಕೂ ಉಗುರು ಊರುವುದುಂಟು. ಒಣಮರಳು ಕುಸಿದು ಚಿಕ್ಕದನ್ನು ದೊಡ್ಡದಾಗಿಸುತ್ತದೆ. ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಬಿದ್ದು ಹೆಜ್ಜೆ ಉದ್ದವಾಗಿ ತೋರುತ್ತದೆ. ಆದ್ದರಿಂದ ಒಂದು ಹೆಜ್ಜೆಯನ್ನಲ್ಲ, ಸಾಲನ್ನು ನೋಡಬೇಕು. ಚಿರತೆಮರಿಯಾದರೆ ಹತ್ತಿರದಲ್ಲೆಲ್ಲೋ ತಾಯಿಯ ಹೆಜ್ಜೆಯೂ ಇರಬೇಕಲ್ಲವೆ? 2011ರಲ್ಲಿ ನಾನು ಅದನ್ನು ಹುಡುಕಿರಲಿಲ್ಲ.

ದಾರಿಯಲ್ಲಿ ಬಿದ್ದ ಹಿಕ್ಕೆಯೂ ಸಾಕ್ಷಿಯೇ. ಕೈ ಸೋಕಿಸದೆ ಕಡ್ಡಿಯಿಂದ ಬಿಡಿಸಿದರೆ ಇಲಿಯ ಕೂದಲು, ಸಣ್ಣ ಮೂಳೆಗಳು ಕಾಣುತ್ತವೆ. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನದ ಅಂದಾಜಿನಂತೆ ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿಗಳನ್ನು ಹಿಡಿಯುತ್ತದೆ. ಶೇಂಗಾ ಬೆಳೆಯುವವರಿಗೆ ಈ ಮಾತು ನಾಟುತ್ತದೆ, ಹೇಳುತ್ತೇನೆ. ಆದರೆ ಇಲಿಯೂ ಜೀವವೇ. ನಮ್ಮ ಲಾಭದ ಲೆಕ್ಕಕ್ಕೆ ಒದಗಿದರೆ ಮಾತ್ರ ಬೆಕ್ಕು ಬದುಕಬೇಕೆಂಬ ವಾದ ನನಗೆ ಸಮ್ಮತವಲ್ಲ.

ಮುನಿಗಳು ನಾಲ್ಕು ಹಸ್ತದಷ್ಟು ಮುಂದಿನ ನೆಲವನ್ನು ನೋಡುತ್ತ ನಡೆಯುವುದನ್ನು ಬಾಲ್ಯದಿಂದ ಕಂಡವನು ನಾನು. ಈರ್ಯಾಸಮಿತಿಯು ಜೀವಿಗಳನ್ನು ತುಳಿಯದಿರುವ ಎಚ್ಚರ. ಆ ನೆಲದಲ್ಲಿ ಯಾರು ನಡೆದುಹೋದರೆಂಬುದನ್ನೂ ಅದೇ ಎಚ್ಚರದಿಂದ ಓದಬಹುದೆಂದು ನನಗೆ ಹೊಳೆದದ್ದು ಅರವತ್ತರ ಹೊಸ್ತಿಲಿನಲ್ಲಿ.

ಕಳೆದ ವರ್ಷ ಅದೇ ಹೊಲದಲ್ಲಿ ಮತ್ತೆ ಕೋಳಿ ಹೋಯಿತು. ಮತ್ತೆ ಕರೆ ಬಂದಿತು. ಈ ಸಲ ಕುರಿಗಾಹಿಯನ್ನು ಕರೆದುಕೊಂಡು, ಕಿಸೆಯಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು ಹೋದೆ. ಬದುವಿನ ಮೇಲೆ ಉಗುರಿಲ್ಲದ ದುಂಡು ಹೆಜ್ಜೆಗಳ ಸಾಲು, ಪೊಟ್ಟಣ ಮುಚ್ಚುವಷ್ಟು. ಕೋಳಿಗೂಡಿನ ಬಾಗಿಲಲ್ಲಿ ಮಾತ್ರ ಉಗುರು ಊರಿದ ನಾಯಿಯ ಗುರುತುಗಳು. "ಬದುವಿನ ಮೇಲೆ ಕಾಡುಬೆಕ್ಕು ನಡೆದಿದೆ, ಗೂಡಿನ ಬಳಿ ನಾಯಿ ಬಂದಿದೆ. ಕೋಳಿಯನ್ನು ಒಯ್ದವರು ಯಾರೆಂದು ಈ ಗುರುತುಗಳು ಹೇಳುವುದಿಲ್ಲ" ಎಂದೆ. ಕಾಡುಬೆಕ್ಕನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧವೆಂದೂ ತಿಳಿಸಿದೆ. ಹೊಲದವರಿಗೆ ಸಮಾಧಾನವಾಗಲಿಲ್ಲ. "ಸಾಹುಕಾರ್ರು ಬೆಕ್ಕಿನ ಕಡೆ" ಎಂದು ನಕ್ಕರು. ನಗುವಿನಲ್ಲಿ ಸ್ವಲ್ಪ ಕಹಿಯೂ ಇತ್ತು. ಗೂಡಿಗೆ ದಪ್ಪ ಜಾಲರಿ ಹಾಕಿಸಲು ಅರ್ಧ ಖರ್ಚು ನಾನು ಕೊಟ್ಟೆ.

ಜಾಲರಿ ಬಂದಿದೆ. ಹಳೆಯ ತಂತಿಯ ಉರುಳು ಇನ್ನೂ ಅವರ ಗುಡಿಸಲಿನ ಗಳಕ್ಕೆ ನೇತಾಡುತ್ತಿದೆ. ಹೋದಾಗಲೆಲ್ಲ ಮೊದಲು ಅದನ್ನು ನೋಡಿ, ಧೂಳು ಹಿಡಿದಿದೆಯೇ ಎಂದು ಪರೀಕ್ಷಿಸಿ, ಆ ಬಳಿಕ ಮಾತಿಗೆ ಕೂರುತ್ತೇನೆ.